ಕನ್ನಡದ ಗೇಯಕವಿತೆಯಲ್ಲಿ ದೇಶ್ಯ–ಪಾಶ್ಚಾತ್ಯ ಸಂಗೀತಗಳ ಸಂಕರ

೧

ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಕೂಡಿದಾಗ ಆ ಕೂಡುವಿಕೆಯನ್ನು ಆಲಂಕಾರಿಕರು ಎರಡು ಬಗೆಯಾಗಿ ವಿಭಾಗಿಸಿರುವರು. ಎಳ್ಳೂ ಅಕ್ಕಿಯೂ ಬೆರೆತಂತೆ ಇದು ಬೇರೆ, ಅದು ಬೇರೆ ಎಂದು ಆಯ್ದು ತೋರಿಸಬಹುದಾದರೆ ಅದು ಸಂಸೃಷ್ಟಿ; ಹಾಲೂ ನೀರೂ ಬೆರೆತಂತೆ ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆಯಲಾಗದಿದ್ದರೆ ಅದು ಸಂಕರ. ಮೊದಲನೆಯದಕ್ಕೆ ತಿಲತಂಡುಲನ್ಯಾಯವೆಂದೂ ಎರಡನೆಯದಕ್ಕೆ ಕ್ಷೀರನೀರನ್ಯಾಯವೆಂದೂ ಹೆಸರು. ಇವೆರಡರಲ್ಲಿ ಯಾವುದನ್ನೂ ಅವರು ದೋಷವೆಂದು ಎಣಿಸಲಿಲ್ಲ. ಲೋಕವ್ಯವಹಾರದಲ್ಲಿ ಮಾತ್ರ ಸಂಕರವೆಂಬ ಶಬ್ದಕ್ಕೆ ನಿಂದೆಯ ಅರ್ಥವು ಅಂಟಿಕೊಂಡಿತು. ಸಂಗೀತದ ಚರ್ಚೆಗೆ ಅದು ಕಾಲಿಟ್ಟುದೂ ಆ ಅರ್ಥದೊಡನೆಯೇ.

ದೇಶೀಯ ಗೇಯದೊಡನೆ ಪಾಶ್ಚಾತ್ಯ ವಾದ್ಯಗಳೂ ಸ್ವರಪದ್ಧತಿಯೂ ಕೂಡಿ ಹುಟ್ಟಿದ ಹಾಡುಗಳ ವಿಷಯದಲ್ಲಿ ಕನ್ನಡನಾಡಿನ ವಿದ್ವತ್ಸಮಾಜವು ಎರಡು ಪಕ್ಷವಾಗಿ ನಿಂತಿದೆ. ಹಾರ್ಮೋನಿಯಂ ಬಂದುದೇ ತಡ ಗಮಕವು ಹೋಯಿತು, ಕೀಬೋರ್ಡು ಬಂದುದೇ ತಡ ಶ್ರುತಿಯು ಹೋಯಿತು ಎಂಬುದು ಒಂದು ಪಕ್ಷ. ಜನರು ಮೆಚ್ಚಿದುದೇ ಸಂಗೀತ, ಅದಕ್ಕೆ ಲಕ್ಷಣವೇಕೆ ಎಂಬುದು ಇನ್ನೊಂದು. ಮೊದಲನೆಯವರು ಹಾಡನ್ನು ಕೇಳುವುದಕ್ಕೆ ಮುಂಚೆಯೇ ತೀರ್ಪು ಹೇಳುತ್ತಾರೆ; ಎರಡನೆಯವರು ಕೇಳಿದ ಮೇಲೂ ಹೇಳುವುದಿಲ್ಲ. ಎಲ್ಲಿ ಈ ಕೂಟವು ಎಳ್ಳಕ್ಕಿಯಾಗಿದೆ, ಎಲ್ಲಿ ಹಾಲುನೀರಾಗಿದೆ, ಎಲ್ಲಿ ಎರಡೂ ಆಗದೆ ಒಂದು ಇನ್ನೊಂದನ್ನು ನುಂಗಿದೆ ಎಂಬುದನ್ನು ನಿರ್ಣಯಿಸಬೇಕಾದರೆ ಒಂದು ಒರೆಗಲ್ಲು ಬೇಕು. ವಾದ್ಯದ ಜನ್ಮಸ್ಥಳದಿಂದಾಗಲಿ ರಾಗದ ಕುಲಗೋತ್ರದಿಂದಾಗಲಿ ಆ ನಿರ್ಣಯವು ಸಾಧ್ಯವಿಲ್ಲ. ಹಾಡಿನೊಳಗಿನ ಮಾತು ತನ್ನ ಮಾತ್ರೆಯನ್ನೂ ಅರ್ಥವನ್ನೂ ಉಳಿಸಿಕೊಂಡಿತೇ ಎಂಬ ಪ್ರಶ್ನೆಯೇ ಆ ಒರೆಗಲ್ಲೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪರೀಕ್ಷೆಗೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಸೀಮೆಯು ಅನುಕೂಲವಾದ ಕ್ಷೇತ್ರ. ೧೯೯೭ರಲ್ಲಿ ಆ ಜಿಲ್ಲೆಯಾದಾಗ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗೆಯಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದುವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಮೈಸೂರಿನ ಕರ್ಣಾಟಕ ಸಂಗೀತಕ್ಕೂ ಧಾರವಾಡದ ಹಿಂದುಸ್ಥಾನಿ ಸಂಗೀತಕ್ಕೂ ನಡುವೆ ಬಿದ್ದಿರುವ ಈ ನೆಲದಲ್ಲಿ, ಸಂಗೀತದ ಸೇರುವೆಯನ್ನು ಯಾವ ಆಸ್ಥಾನವೂ ಯೋಜಿಸಲಿಲ್ಲ, ಯಾವ ವಿದ್ಯಾಲಯವೂ ನಿರ್ಬಂಧಿಸಲಿಲ್ಲ. ತಾನಾಗಿ ಬಂದುದು ಹೇಗೆ ಬೆರೆಯಿತು ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

೨

ಅನ್ಯದೇಶದ ಸಂಗೀತವನ್ನು ಸ್ವೀಕರಿಸುವುದು ಶಾಸ್ತ್ರಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಸಂಗೀತರತ್ನಾಕರದಲ್ಲಿಯೇ ತುರುಷ್ಕತೋಡಿ, ತುರುಷ್ಕಗೌಡ ಎಂಬ ರಾಗಗಳು ಪರಿಗಣಿತವಾಗಿವೆ. ಶುದ್ಧ, ಛಾಯಾಲಗ, ಸಂಕೀರ್ಣವೆಂದು ರಾಗಗಳನ್ನು ವಿಭಾಗಿಸುವ ಸಂಪ್ರದಾಯವೂ ಬೆರಕೆಗೆ ಒಂದು ಸ್ಥಾನವನ್ನು ಕೊಟ್ಟಿದೆ. ಆದರೆ ಅದೇ ಶಾರ್ಙ್ಗದೇವನು ಒಂದು ಕ್ರಮವನ್ನು ಮಾತ್ರ ಬಿಟ್ಟುಕೊಡಲಿಲ್ಲ: ನೃತ್ತವು ವಾದ್ಯವನ್ನನುಸರಿಸತಕ್ಕದ್ದು, ವಾದ್ಯವು ಗೀತವನ್ನನುಸರಿಸತಕ್ಕದ್ದು, ಆದಕಾರಣ ಗೀತವೇ ಪ್ರಧಾನ. ಮಾತು, ಗೇಯ ಎರಡರಲ್ಲಿಯೂ ಸಮರ್ಥನಾದವನೇ ಉತ್ತಮ ವಾಗ್ಗೇಯಕಾರನೆಂಬುದು ಇದರ ಫಲಿತಾರ್ಥ. ಯಾವ ರಾಗವು ಎಲ್ಲಿಂದ ಬಂದರೂ ಈ ಕ್ರಮವು ಉಳಿದರೆ ಶಾಸ್ತ್ರಕ್ಕೆ ಹಾನಿಯಿಲ್ಲ.

ದಕ್ಷಿಣದೇಶದಲ್ಲಿ ಪಾಶ್ಚಾತ್ಯ ಸಂಗೀತದೊಡನೆ ಮೊದಲು ನಡೆದ ಮಹತ್ತ್ವದ ವ್ಯವಹಾರಗಳು ಎರಡು. ಮುತ್ತುಸ್ವಾಮಿ ದೀಕ್ಷಿತರು ಆಂಗ್ಲರ ಬ್ಯಾಂಡಿನಲ್ಲಿ ಕೇಳಿದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕಟ್ಟಿ ನೋಟ್ಟುಸ್ವರಗಳನ್ನು ರಚಿಸಿದರು. ಅವೆಲ್ಲವೂ ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ ನಡೆಯುತ್ತವೆ. ಇದು ಸಂಸೃಷ್ಟಿ: ಧಾಟಿ ಅವರದು, ಮಾತು ಇವರದು, ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಅವರ ಸೋದರ ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕಲಿತು ದೇಶೀಯ ಸಂಗೀತಕ್ಕೆ ತಂದುದು ಇನ್ನೊಂದು ಬಗೆ. ವಾದ್ಯವು ಯುರೋಪಿನದೇ ಆಗಿ ಉಳಿಯಿತು. ಹಿಡಿಯುವ ಭಂಗಿ ಬದಲಾಯಿತು, ತಂತಿಗಳ ಶ್ರುತಿಯು ಷಡ್ಜ ಪಂಚಮಗಳಿಗೆ ತಿರುಗಿತು, ಬೆರಳು ಜಾರುವ ಕ್ರಮವು ಕಂಠದ ಗಮಕವನ್ನನುಸರಿಸಿತು. ಪಿಟೀಲು ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿದ ಕಾಲಕ್ಕೆ ಅದು ಪರದೇಶದ್ದೆಂಬುದನ್ನು ಶ್ರೋತೃಗಳು ಮರೆತೇಬಿಟ್ಟಿದ್ದರು. ಇದೇ ಕ್ಷೀರನೀರ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮೋಹಿತರಾಗಿ, ಆ ಲೋಹವಾದ್ಯದಲ್ಲಿ ಕೀರ್ತನೆಗಳನ್ನು ಗಮಕಸಹಿತವಾಗಿ ನುಡಿಸಿದುದು ಅದೇ ನ್ಯಾಯದ ಈಚಿನ ಉದಾಹರಣೆ. ವಾದ್ಯವು ಗೀತವನ್ನನುಸರಿಸಿದರೆ ಅದರ ಹುಟ್ಟೂರನ್ನು ಕೇಳಬೇಕಾದುದಿಲ್ಲವೆಂದು ಇವುಗಳಿಂದ ಸಿದ್ಧವಾಗುತ್ತದೆ.

ಮೈಸೂರು ಅರಮನೆಯು ಹಿಡಿದ ದಾರಿಯು ಇವೆರಡಕ್ಕಿಂತಲೂ ಭಿನ್ನವಾದುದು. ಅಲ್ಲಿ ಕರ್ಣಾಟಕ ಸಂಗೀತದ ಬ್ಯಾಂಡೂ ಪಾಶ್ಚಾತ್ಯ ಬ್ಯಾಂಡೂ ಬೇರೆಬೇರೆಯಾಗಿದ್ದುವು. ವೀಣೆ ಶೇಷಣ್ಣನವರಂಥ ವಿದ್ವಾಂಸರು ಪಿಯಾನೋವನ್ನೂ ಬಲ್ಲವರಾಗಿದ್ದರು. ಬಸವಪ್ಪಶಾಸ್ತ್ರಿಗಳು ರಚಿಸಿದ ಸಂಸ್ಥಾನಗೀತೆಯು ಪಾಶ್ಚಾತ್ಯರ ಪ್ರಧಾನ ಸ್ವರಶ್ರೇಣಿಗೆ ಸಮನಾದ ಧೀರಶಂಕರಾಭರಣದಲ್ಲಿ ನಿಂತುದರಿಂದ ಎರಡು ಬ್ಯಾಂಡುಗಳಿಗೂ ಒಗ್ಗುವಂತಿತ್ತು. ಜಯಚಾಮರಾಜ ಒಡೆಯರಂತೂ ೧೯೪೮ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಪ್ರಥಮಾಧ್ಯಕ್ಷರಾದರು; ರಷ್ಯಾದೇಶದ ಮೆಟ್‌ನರ್ ಎಂಬ ವಾಗ್ಗೇಯಕಾರನ ಕೃತಿಗಳು ಧ್ವನಿಮುದ್ರಿತವಾಗಲು ಧನವಿತ್ತರು; ೧೯೫೦ರಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟುದು ಅವರ ಆಶ್ರಯದಿಂದ. ಅದೇ ಪ್ರಭುವು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ೯೪ ಸಂಸ್ಕೃತ ಕೃತಿಗಳನ್ನು ರಚಿಸಿದಾಗ ಅವುಗಳಲ್ಲಿ ಪಾಶ್ಚಾತ್ಯ ಸಂಗೀತದ ಗಂಧವನ್ನೂ ಸೋಂಕಗೊಡಲಿಲ್ಲ. ಎರಡನ್ನೂ ಬಲ್ಲವರು ಎರಡನ್ನೂ ಬೇರೆಯಾಗಿ ಇಟ್ಟರು. ಏನನ್ನೂ ಬಲ್ಲೆವೆಂದು ಹೇಳಿಕೊಳ್ಳದವರು, ಊರೂರಿಗೆ ಡೇರೆ ಹೂಡಿಕೊಂಡು ಹೋದ ನಾಟಕಮಂಡಲಿಗಳವರು, ಅವನ್ನು ಬೆರೆಸಿದರು.

೩

ಪ್ಯಾರಿಸ್ಸಿನಲ್ಲಿ ದೆಬ್ಯಾಂ ಎಂಬಾತನು ೧೮೪೦ರ ಸುಮಾರಿಗೆ ರೂಪಿಸಿದ ಹಾರ್ಮೋನಿಯಮ್ಮನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ೧೮೭೫ರಲ್ಲಿ ಕೈಯಿಂದ ಗಾಳಿಯೊತ್ತುವ ಚಿಕ್ಕ ವಾದ್ಯವನ್ನಾಗಿ ಮಾರ್ಪಡಿಸಿದರು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ೧೮೮೪ರಲ್ಲಿ ಹುಟ್ಟಿತು. ಈ ಎರಡು ಘಟನೆಗಳ ನಡುವೆ ಒಂಬತ್ತೇ ವರ್ಷಗಳು. ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ಸಾವಿರ ಜನಕ್ಕೆ ನಟನ ಕಂಠವು ಕೇಳಬೇಕಾಗಿತ್ತು. ತಂಬೂರಿಯ ನಾದವು ಎರಡನೆಯ ಸಾಲಿಗೂ ಮುಟ್ಟುತ್ತಿರಲಿಲ್ಲ. ಹಾರ್ಮೋನಿಯಂ ಒಂದು ಕೈಯಲ್ಲಿ ಶ್ರುತಿಯನ್ನೂ ಇನ್ನೊಂದು ಕೈಯಲ್ಲಿ ಸ್ವರವನ್ನೂ ಒದಗಿಸಿತು. ಶಾಸ್ತ್ರಜ್ಞರು ಅದನ್ನು ಬಯ್ಯುತ್ತಲೇ ಇದ್ದರು. ನಾಟಕದವರು ಅದಿಲ್ಲದೆ ಪರದೆಯೆತ್ತಲಿಲ್ಲ.

ಆ ಕಾಲದ ನಾಟಕಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದು ಸೂಚಿಸುವ ಪದ್ಧತಿಯಿತ್ತು. ಮರಾಠಿ ಮಟ್ಟು, ಪಾರ್ಸಿ ಮಟ್ಟು, ಇಂಗ್ಲಿಷ್ ಮಟ್ಟು ಎಂಬ ಹೆಸರುಗಳು ಅಲ್ಲಿ ಜಾವಳಿ ದೇವರನಾಮಗಳ ಪಕ್ಕದಲ್ಲಿಯೇ ನಿಲ್ಲುತ್ತವೆ. ಇದೂ ಮೊದಲು ಸಂಸೃಷ್ಟಿಯೇ. ಕ್ರಮೇಣ ನಟನ ಬಾಯಲ್ಲಿ ಅದು ಕರಗಿತು. ಇಂಗ್ಲಿಷ್ ಧಾಟಿಯ ನೇರಸ್ವರಗಳಿಗೆ ಕಂದಪದ್ಯ ಹೇಳುವ ಕಂಠದ ತಿರುವುಗಳು ಸೇರಿಕೊಂಡುವು. ಸಾಲಿನ ಕೊನೆಯಲ್ಲಿ ನಟನು ಬೇಕಾದಷ್ಟು ಹೊತ್ತು ನಿಲ್ಲುತ್ತಿದ್ದನು, ಹಾರ್ಮೋನಿಯಂ ಅವನಿಗಾಗಿ ಕಾಯುತ್ತಿತ್ತು. ಗಮಕವನ್ನು ನುಡಿಸಲಾರದ ವಾದ್ಯವು ಗಮಕವನ್ನು ಹಾಡುವವನಿಗೆ ಎಡೆಗೊಟ್ಟುದು ಇಲ್ಲಿಯ ವಿಶೇಷ. ಆಕಾಶವಾಣಿಯು ೧೯೪೦ರಲ್ಲಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿ ಸುಮಾರು ಮೂರು ದಶಕಗಳ ಕಾಲ ಹೊರಗಿಟ್ಟಿತು. ಅದರ ಹನ್ನೆರಡು ಸ್ಥಿರಸ್ವರಗಳು ಶ್ರುತಿಭೇದವನ್ನು ಅಳಿಸುತ್ತವೆ ಎಂಬ ಆಕ್ಷೇಪಣೆಯು ಲಕ್ಷಣದೃಷ್ಟಿಯಿಂದ ಸತ್ಯವೇ ಹೌದು. ಆದರೆ ಹಾಡುವವನನ್ನು ಕಾಯುವ ಗುಣವು ಆ ವಾದ್ಯಕ್ಕಿದ್ದುದನ್ನು ಆ ಆಕ್ಷೇಪಣೆಯು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದಾವಣಗೆರೆಯು ವೃತ್ತಿನಾಟಕದ ಒಂದು ನೆಲೆವೀಡಾಗಿದ್ದುದರಿಂದ ಸುತ್ತಣ ತಾಲ್ಲೂಕುಗಳಿಗೆ ಈ ಸಂಗೀತವು ಸುಲಭವಾಗಿ ಹರಿಯಿತು. ಚಿಂದೋಡಿ ಮನೆತನದ ಕೆ.ಬಿ.ಆರ್. ಮಂಡಲಿಯ ಹೆಸರನ್ನು ಈ ಸೀಮೆಯಲ್ಲಿ ತಿಳಿಯದವರಿಲ್ಲ. ಜಗಳೂರಿನ ಕಡೆಯ ದೊಡ್ಡಾಟದ ಹಿಮ್ಮೇಳದಲ್ಲಿ ಮದ್ದಳೆ ತಾಳಗಳ ಬಳಿಯಲ್ಲಿಯೇ ಹಾರ್ಮೋನಿಯಂ ಕುಳಿತಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರುಂಬ ಹಳ್ಳಿಗಳಲ್ಲಿಯೂ ತುಂಗಭದ್ರೆಯ ದಂಡೆಯ ಹೊನ್ನಾಳಿಯ ಸುತ್ತಿನಲ್ಲಿಯೂ ಭಜನೆಯ ಮೇಳಕ್ಕೆ ದಮ್ಮಡಿಯೂ ಹಾರ್ಮೋನಿಯಮ್ಮೂ ಜೊತೆಯಾದುವು. ತತ್ತ್ವಪದವನ್ನು ಏಕನಾದದ ಮೀಟಿನಲ್ಲಿ ಹಾಡುತ್ತಿದ್ದವನಿಗೂ ಅದನ್ನು ಹಾರ್ಮೋನಿಯಮ್ಮಿನೊಡನೆ ಹಾಡುವವನಿಗೂ ಭೇದವಿದೆ: ಮೊದಲನೆಯವನ ಸ್ವರಗಳು ನಡುವೆ ತೂಗುತ್ತವೆ, ಎರಡನೆಯವನವು ಮೆಟ್ಟಿಲ ಮೇಲೆ ನಿಲ್ಲುತ್ತವೆ. ಹೀಗಾದರೂ ಪದದ ಹ್ರಸ್ವವು ಹ್ರಸ್ವವಾಗಿಯೂ ದೀರ್ಘವು ದೀರ್ಘವಾಗಿಯೂ ಕೇಳುವವರೆಗೆ ತತ್ತ್ವವು ಕೇಳುವವನಿಗೆ ಮುಟ್ಟುತ್ತದೆ. ಶ್ರುತಿಯ ಸೂಕ್ಷ್ಮಕ್ಕೆ ನಷ್ಟವುಂಟು, ಮಾತಿಗೆ ನಷ್ಟವಿಲ್ಲ.

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ೧೭೩೯ರಲ್ಲಿ ಸಂತ ಸೇವಾಲಾಲರು ಜನಿಸಿದ ಕ್ಷೇತ್ರ. ಅಲ್ಲಿಗೆ ಬರುವ ಲಂಬಾಣಿ ಜನರ ಹಾಡಿಕೆಯು ನಗಾರಿ, ಕಂಚಿನ ತಟ್ಟೆಗಳ ಮೇಲೆ ನಡೆಯುವುದು. ಒಂದು ಚಿಕ್ಕ ಸ್ವರಖಂಡವು ಮರಮರಳಿ ಬಂದು ಕೊನೆಯಲ್ಲಿ ಕೆಳಕ್ಕೆ ಜಾರುತ್ತದೆ. ಈಚೆಗೆ ಧ್ವನಿಮುದ್ರಿತವಾಗುವ ಲಂಬಾಣಿ ಗೀತಗಳಲ್ಲಿ ಕೀಬೋರ್ಡಿನ ಚತುರಶ್ರಗತಿಯೂ ಸ್ವರಗುಚ್ಛಗಳೂ ಸೇರಿವೆ. ಜಾರುವ ಕಂಠವು ತನ್ನಷ್ಟಕ್ಕೆ ಜಾರುತ್ತದೆ. ಅಳೆದ ಲಯವು ತನ್ನಷ್ಟಕ್ಕೆ ನಡೆಯುತ್ತದೆ. ಇದು ಎಳ್ಳಕ್ಕಿಯ ಸ್ಥಿತಿ. ಇದು ಹಾಲುನೀರಾಗುವುದೇ, ಅಥವಾ ಲಯವು ಜಾರನ್ನು ನುಂಗುವುದೇ ಎಂಬುದು ಇನ್ನೂ ನಿರ್ಣಯವಾಗಬೇಕಾದ ಸಂಗತಿ.

೪

ಇದೇ ಸಮಸ್ಯೆಯನ್ನು ಜಪಾನುದೇಶವು ಬೇರೊಂದು ಮಾರ್ಗದಿಂದ ಎದುರಿಸಿತು. ಕನ್ನಡದ ಸ್ಥಿತಿಯನ್ನು ಅದರೊಡನೆ ತೂಗಿ ನೋಡುವುದು ಉಪಯುಕ್ತ. ಅಲ್ಲಿ ಸೇರುವೆಯನ್ನು ಪ್ರಾರಂಭಿಸಿದುದು ಸರ್ಕಾರ. ೧೮೭೯ರಲ್ಲಿ ಸಂಗೀತವಿಚಾರಣೆಗಾಗಿ ಒಂದು ಇಲಾಖೆಯನ್ನು ತೆರೆದು, ಅಮೆರಿಕದಲ್ಲಿ ಶಿಕ್ಷಣಶಾಸ್ತ್ರವನ್ನು ಕಲಿತು ಬಂದ ಇಜಾವಾ ಶೂಜಿ ಎಂಬವರ ವಶಕ್ಕೆ ಒಪ್ಪಿಸಿದರು. ಪೂರ್ವಪಶ್ಚಿಮಗಳ ಸಂಗೀತವನ್ನು ಕೂಡಿಸಿ ಹೊಸ ಸಂಗೀತವನ್ನು ನಿರ್ಮಿಸುವುದೇ ಅವರ ಸಂಕಲ್ಪವಾಗಿತ್ತು. ಮರುವರ್ಷ ಬಾಸ್ಟನ್ನಿನಿಂದ ಲೂಥರ್ ಮೇಸನ್ ಬಂದನು. ಶಾಲೆಯ ಮಕ್ಕಳ ಮೊದಲ ಗೀತಸಂಗ್ರಹದಲ್ಲಿ ಸ್ಕಾಟ್ಲೆಂಡಿನ ಧಾಟಿಗಳಿಗೆ ಜಪಾನೀ ಮಾತುಗಳನ್ನು ಹೊಂದಿಸಿದರು. ದೀಕ್ಷಿತರ ನೋಟ್ಟುಸ್ವರಗಳಂತೆ ಇದೂ ಸಂಸೃಷ್ಟಿಯೇ ಸರಿ.

ಸಂಕರವು ಸಂಭವಿಸಿದುದು ಶಾಲೆಯಲ್ಲಿ ಅಲ್ಲ, ರಂಗಭೂಮಿಯಲ್ಲಿ. ೧೯೧೪ರಲ್ಲಿ ಟಾಲ್ಸ್ಟಾಯಿಯ ಪುನರುತ್ಥಾನವೆಂಬ ಕಾದಂಬರಿಯು ನಾಟಕವಾದಾಗ ನಕಾಯಾಮ ಶಿಂಪೆಯಿ ಎಂಬವರು ಅದಕ್ಕೊಂದು ಹಾಡನ್ನು ಕಟ್ಟಿದರು. ಮತ್ಸುಯಿ ಸುಮಾಕೊ ಎಂಬ ನಟಿಯು ಹಾಡಿದ ಆ ಕತ್ಯೂಷೆಯ ಹಾಡು ದೇಶವನ್ನೆಲ್ಲ ವ್ಯಾಪಿಸಿತು. ಅದರ ಸ್ವರಶ್ರೇಣಿಗೆ ಯೊನಾನುಕಿ ಎಂದು ಹೆಸರು. ನಾಲ್ಕನೆಯದೂ ಏಳನೆಯದೂ ಇಲ್ಲದುದು ಎಂದರ್ಥ. ಶಂಕರಾಭರಣದಿಂದ ಮಧ್ಯಮ ನಿಷಾದಗಳನ್ನು ತೆಗೆದರೆ ಉಳಿಯುವುದು ಮೋಹನದ ಸ್ವರಗಳೆಂಬುದನ್ನು ಕನ್ನಡದ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ನಠಭೈರವಿಯಿಂದ ಅವೇ ಎರಡನ್ನು ತೆಗೆದರೆ ಆ ದೇಶದ ಶೋಕಗೀತಗಳ ಶ್ರೇಣಿಯು ದೊರೆಯುತ್ತದೆ: ಷಡ್ಜ, ಚತುಃಶ್ರುತಿ ರಿಷಭ, ಸಾಧಾರಣ ಗಾಂಧಾರ, ಪಂಚಮ, ಶುದ್ಧ ಧೈವತ. ಇದರ ಪಂಚಮವನ್ನು ಷಡ್ಜವೆಂದು ಹಿಡಿದು ಗ್ರಹಭೇದ ಮಾಡಿದರೆ ಬರುವ ಸ್ವರಗಳು ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ. ಹಿಂದುಸ್ಥಾನಿಯಲ್ಲಿ ಗುಣಕ್ರಿಯ ಸ್ವರಗಳು ಇವೇ. ಜಪಾನಿನ ಶಾಮಿಸೆನ್ ವಾದ್ಯದ ಹಳೆಯ ನಗರಗೀತಗಳ ಶ್ರೇಣಿಯೂ ಇದೇ. ಅಂದರೆ ಹೊಸ ಶ್ರೇಣಿಯೊಳಗೆ ಹಳೆಯದು ಅಡಗಿ ಕುಳಿತಿತ್ತು. ಪಾಶ್ಚಾತ್ಯ ಸ್ವರಗುಚ್ಛಗಳನ್ನು ಕೆಳಗೆ ಜೋಡಿಸಿದರೂ ದೇಶೀಯನ ಕಿವಿಗೆ ಅದು ಪರಕೀಯವೆನಿಸದಿದ್ದುದಕ್ಕೆ ಇದೇ ಕಾರಣವೆಂದು ತೋರುತ್ತದೆ.

ಕೋಗಾ ಮಸಾವೊ ಎಂಬವರು ೧೯೩೧ರ ಸುಮಾರಿನಿಂದ ಗಿಟಾರು ಮ್ಯಾಂಡೊಲಿನ್ನುಗಳ ಮೇಲೆ ಈ ಶೋಕಶ್ರೇಣಿಯನ್ನು ಬೆಳಸಿದರು. ಹತ್ತೊರಿ ರ್ಯೋಯಿಚಿ ಎಂಬವರು ೧೯೩೭ರಲ್ಲಿ ಅಮೆರಿಕದ ನೀಗ್ರೋಜನರಿಂದ ಹುಟ್ಟಿದ ಬ್ಲೂಸ್ ಎಂಬ ಗೀತಪ್ರಕಾರವನ್ನು ತಮ್ಮ ಭಾಷೆಗೆ ಅಳವಡಿಸಿದರು. ಎಂಕಾ ಎಂದು ಆಮೇಲೆ ಪ್ರಸಿದ್ಧವಾದ ಗಾನದಲ್ಲಿ ಕೊಬುಶಿ ಎಂಬ ಕಂಠದ ನುಲಿತವು ಉಳಿದುಬಂದಿದೆ; ಗಮಕಕ್ಕೆ ಅದು ಸೋದರಸಂಬಂಧಿ. ೧೯೬೧ರಲ್ಲಿ ಸಕಾಮೊತೊ ಕ್ಯೂ ಹಾಡಿದ ಹಾಡೊಂದು ೧೯೬೩ರಲ್ಲಿ ಅಮೆರಿಕದ ಜನಪ್ರಿಯಗೀತಗಳ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಬೆರಸಿದ ಸಂಗೀತವು ಬೆರಕೆಯ ಮೂಲದೇಶಕ್ಕೇ ಹಿಂದಿರುಗಿ ಮನ್ನಣೆ ಪಡೆದ ಉದಾಹರಣೆಯಿದು.

ಆದರೆ ಕನ್ನಡದ ಅಧ್ಯಾಪಕನಿಗೆ ಇದಕ್ಕಿಂತ ಮುಖ್ಯವಾದ ಸಂಗತಿಯು ಭಾಷೆಗೆ ಸಂಬಂಧಪಟ್ಟುದು. ಜಪಾನೀ ಭಾಷೆಯೂ ಕನ್ನಡದಂತೆ ಮಾತ್ರೆಗಳನ್ನೆಣಿಸುವ ಭಾಷೆ. ಅದರ ಪದ್ಯವು ಏಳು, ಐದು ಎಂಬ ಮಾತ್ರಾಖಂಡಗಳಿಂದ ನಡೆಯುತ್ತದೆ. ಒಬಸಾನ್ ಎಂದರೆ ಚಿಕ್ಕಮ್ಮ, ಒಬಾಸಾನ್ ಎಂದರೆ ಅಜ್ಜಿ. ಬಳೆ ಬಾಳೆಗಳಲ್ಲಿ, ಹಳಿ ಹಳ್ಳಿಗಳಲ್ಲಿ ಇರುವಂತೆಯೇ ಒಂದು ಮಾತ್ರೆಯ ಹೆಚ್ಚುಕಡಮೆಯಿಂದ ಅರ್ಥವೇ ಬೇರೆಯಾಗುವುದು. ಇಂಥ ಭಾಷೆಯನ್ನು ನಾಲ್ಕರ ಎಣಿಕೆಯ ಪಾಶ್ಚಾತ್ಯ ತಾಳಕ್ಕೆ ಕೂಡಿಸುವಾಗ ಏಳರ ಖಂಡಕ್ಕೆ ಒಂದು ಮಾತ್ರೆಯ ಮೌನವನ್ನೂ ಐದರ ಖಂಡಕ್ಕೆ ಮೂರು ಮಾತ್ರೆಯ ಮೌನವನ್ನೂ ಸೇರಿಸಿ ಎಂಟೆಂಟು ಮಾಡಿಕೊಂಡರು. ತಾಳವು ತುಂಬಿತು, ಮಾತು ಹಿಗ್ಗಲಿಲ್ಲ. ಯಾಮಾದ ಕೋಸಾಕು ಎಂಬ ವಾಗ್ಗೇಯಕಾರರು ಇನ್ನೂ ಮುಂದೆ ಹೋಗಿ, ಮಾತಿನ ಸಹಜವಾದ ಏರಿಳಿತವನ್ನೇ ಧಾಟಿಯು ಅನುಸರಿಸತಕ್ಕದ್ದೆಂದು ಸಾಧಿಸಿದರು. ಹೊರಗಿನಿಂದ ನೋಡುವವರು ಜಪಾನಿನ ಸಂಗೀತವು ವಾದ್ಯಗಳನ್ನು ತಂದುದನ್ನೇ ಹೇಳುತ್ತಾರೆ. ಆ ಸೇರುವೆಯು ಗಟ್ಟಿಯಾದುದಕ್ಕೆ ಮಾತಿನ ಮಾತ್ರೆಗೆ ಅವರು ತೋರಿದ ಗೌರವವೂ ಕಾರಣವಾಗಿದೆ.

೫

ಕನ್ನಡದಲ್ಲಿ ಭಾವಗೀತವೆಂಬುದು ರಾಗಕ್ಕೆ ಬರುವ ಮೊದಲೇ ಸಂಕರದಿಂದ ಹುಟ್ಟಿದ ಕಾವ್ಯಪ್ರಕಾರ. ಬಿ.ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ೧೯೨೬ರ ಗ್ರಂಥ. ಅಲ್ಲಿ ಆಂಗ್ಲ ಕವಿಗಳ ಭಾವವು ಕನ್ನಡದ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳಲ್ಲಿ ನೆಲೆಗೊಂಡಿತು. ಪ್ರಾಸವು ಸಡಿಲವಾಯಿತು, ಗಣವು ಸಡಿಲವಾಗಲಿಲ್ಲ. ಮುಂದಿನ ಗೇಯಕಾರರ ಕೈಗೆ ಬಂದುದು ಹೀಗೆ ಒಳಗಿನಿಂದಲೇ ಪಾಕವಾಗಿದ್ದ ಪದ್ಯ. ಆದಕಾರಣ ಭಾವಗೀತಕ್ಕೆ ಪಿಯಾನೋ ಗಿಟಾರುಗಳು ಸೇರಿದುದನ್ನು ಅಪಚಾರವೆನ್ನುವವರು ಆ ಪದ್ಯದ ಜನ್ಮವೃತ್ತಾಂತವನ್ನು ಮರೆತವರೇ ಸರಿ.

ಉಡುಪಿಯ ಕಡೆಯ ಆರೂರಿನಲ್ಲಿ ಜನಿಸಿದ ಪಿ. ಕಾಳಿಂಗರಾಯರು (೧೯೧೪–೧೯೮೧) ನಾಟಕರಂಗದಿಂದ ಬಂದವರು. ಕವಿತೆಯನ್ನು ಸಭೆಯಲ್ಲಿ ಹಾಡಿಕೆಯಾಗಿ ನಿಲ್ಲಿಸಿದ ಕೀರ್ತಿಯು ಅವರಿಗೆ ಸಲ್ಲತಕ್ಕದ್ದು. ಅವರ ಹಾಡಿಕೆಯಲ್ಲಿ ಅಕ್ಷರಗಳು ಕಲ್ಲಿನಲ್ಲಿ ಕಡೆದಂತೆ ಕೇಳುತ್ತವೆ. ಒತ್ತಕ್ಷರವು ಒತ್ತಾಗಿ, ಮಹಾಪ್ರಾಣವು ಮಹಾಪ್ರಾಣವಾಗಿ ಬರುತ್ತದೆ. ಹಿನ್ನೆಲೆಯ ವಾದ್ಯಗಳು ಯಾವ ದೇಶದವೆಂದು ಕೇಳುಗನು ಯೋಚಿಸುವುದಕ್ಕೆ ಆಸ್ಪದವೇ ಇಲ್ಲ. ನಾಟಕದ ಡೇರೆಯ ಶಿಕ್ಷಣವು ಇಲ್ಲಿ ಫಲಿಸಿದೆ.

ಮೈಸೂರು ಅನಂತಸ್ವಾಮಿಯವರು (೧೯೩೬–೧೯೯೫) ಹಾರ್ಮೋನಿಯಮ್ಮನ್ನು ಮುಂದಿಟ್ಟುಕೊಂಡೇ ಧಾಟಿಗಳನ್ನು ಕಟ್ಟಿದವರು. ೧೯೭೮ರಲ್ಲಿ ಅವರು ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ರಾಗ ಸಂಯೋಜಿಸಿದ ನಿತ್ಯೋತ್ಸವವು ಕನ್ನಡ ಭಾವಗೀತಗಳ ಮೊದಲ ಧ್ವನಿಸುರುಳಿಯಾಗಿ ಮನೆಮನೆಗೆ ಹೋಯಿತು. ರಾಜರತ್ನಂ ಅವರ ರತ್ನನ ಪದಗಳನ್ನು ಹಾಡುವಾಗ ಕುಡುಕನ ತೊದಲು ಮಾತಿಗೂ ಅವರು ಗಣದ ಲೆಕ್ಕವನ್ನು ತಪ್ಪಿಸಲಿಲ್ಲ. ಅವರ ಧಾಟಿಗಳಲ್ಲಿ ಪಾಶ್ಚಾತ್ಯ ಸ್ವರಸಂವಾದವು ಇದೆಯೆಂಬುದು ವಿಚಾರಿಸಿ ನೋಡಿದರೆ ತಿಳಿಯುವುದು. ಸುಮ್ಮನೆ ಕೇಳಿದರೆ ತಿಳಿಯದು. ಕ್ಷೀರನೀರನ್ಯಾಯಕ್ಕೆ ಇದಕ್ಕಿಂತ ಬೇರೆ ಲಕ್ಷಣವಿಲ್ಲ. ಶಿವಮೊಗ್ಗ ಸುಬ್ಬಣ್ಣನವರು (೧೯೩೮–೨೦೨೨) ಕಂಬಾರರ ಕಾಡು ಕುದುರೆ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿಯನ್ನು ಪಡೆದುದೂ ಕಂಠಬಲದಿಂದ ಮಾತ್ರವಲ್ಲ, ಆ ಕಂಠದಲ್ಲಿ ಮಾತು ಮಾಸದೆ ನಿಂತುದರಿಂದ.

ಸಿ. ಅಶ್ವತ್ಥರ (೧೯೩೯–೨೦೦೯) ಮಾರ್ಗವು ಇವರಿಂದ ಭಿನ್ನ. ಶಿಶುನಾಳ ಷರೀಫರ ತತ್ತ್ವಪದಗಳಿಗೆ ಅವರು ದೊಡ್ಡ ವಾದ್ಯವೃಂದವನ್ನೂ ಸಮೂಹಕಂಠವನ್ನೂ ಜೋಡಿಸಿದರು. ಪಲ್ಲವಿ ಚರಣಗಳ ನಡುವೆ ಬರುವ ವಾದ್ಯಖಂಡಗಳು ಪದದಿಂದ ಬೇರೆಯಾಗಿ ಎದ್ದು ಕಾಣುತ್ತವೆ, ಇದು ಸಂಸೃಷ್ಟಿ. ಹೀಗೆಂದರೆ ಅದು ಹೀನವೆಂದು ಅರ್ಥವಲ್ಲ. ಪದವು ಬಂದಾಗ ವಾದ್ಯಗಳು ತಗ್ಗಿ, ಷರೀಫರ ಆಡುಮಾತು ತನ್ನ ಸಹಜವಾದ ಒತ್ತಿನಲ್ಲಿಯೇ ನಿಲ್ಲುವ ಕಡೆಗಳಲ್ಲಿ ಆ ಸಂಸೃಷ್ಟಿಯು ಶೋಭಿಸುತ್ತದೆ. ಆದರೆ ವೃಂದದ ಆರ್ಭಟಕ್ಕೆ ಸರಿಹೊಂದಲು ಕಂಠವೂ ಆರ್ಭಟಿಸಿದ ಕಡೆಗಳಲ್ಲಿ ತತ್ತ್ವಪದದ ಒಳಮಾತು ಘೋಷಣೆಯಾಗಿಬಿಡುವುದುಂಟು. ಅವರನ್ನು ಅನುಕರಿಸಿದವರಲ್ಲಿ ಗುಣವು ಉಳಿಯದೆ ಆರ್ಭಟವೊಂದೇ ಉಳಿದುದು ಹಲವು ಕಡೆಗಳಲ್ಲಿ ಕಾಣುತ್ತದೆ.

ಎರಡನ್ನೂ ಅಲ್ಲದ ಮೂರನೆಯ ಸ್ಥಿತಿಯೊಂದುಂಟು. ಐದು ಮಾತ್ರೆಯ ಗಣಗಳಿಂದ ನಡೆಯುವ ಪದ್ಯವನ್ನು, ಅಂದರೆ ಲಲಿತರಗಳೆಯ ನಡೆಯನ್ನು, ನಾಲ್ಕರ ಯಂತ್ರಲಯಕ್ಕೆ ತಳ್ಳಿದರೆ ಗಣದಲ್ಲಿ ಒಂದು ಮಾತ್ರೆಯನ್ನು ಕತ್ತರಿಸಬೇಕು, ಇಲ್ಲವೇ ಮೂರು ಮಾತ್ರೆಗಳಷ್ಟು ಸ್ವರವನ್ನು ಎಳೆಯಬೇಕು. ಕತ್ತರಿಸಿದರೆ ಬಾಳೆಯು ಬಳೆಯಾಗುವುದು. ಎಳೆದರೆ ಬಳೆಯು ಬಾಳೆಯಾಗುವುದು. ಜಪಾನೀಯರಂತೆ ಮೌನವನ್ನು ಸೇರಿಸುವ ವಿವೇಕವು ಬೇಕಾದುದು ಇಲ್ಲಿಯೇ. ಹಾಗೆಯೇ ತೋಡಿ, ಸಹಾನ, ಆನಂದಭೈರವಿಗಳಂಥ ರಾಗಗಳ ಗಾಂಧಾರವು ಗಮಕದ ತೂಗಾಟದಲ್ಲಿಯೇ ಜೀವಿಸುವುದರಿಂದ ಅದರ ಕೆಳಗೆ ಸ್ಥಿರಸ್ವರಗಳ ಗುಚ್ಛವನ್ನಿಟ್ಟರೆ ರಾಗವೂ ಕೆಡುವುದು, ಗುಚ್ಛವೂ ಕೆಡುವುದು. ಮೋಹನ, ಶಂಕರಾಭರಣಗಳು ಅದನ್ನು ತಾಳಬಲ್ಲವು. ದೀಕ್ಷಿತರಿಗೂ ಜಪಾನೀಯರಿಗೂ ಈ ಭೇದವು ತಿಳಿದಿತ್ತೆಂಬುದು ಅವರು ಆಯ್ದ ಸ್ವರಗಳಿಂದಲೇ ಗೊತ್ತಾಗುತ್ತದೆ.

೬

ಭದ್ರಾವತಿಯ ಆಕಾಶವಾಣಿಯು ೧೯೬೫ರಲ್ಲಿ ಪ್ರಾರಂಭವಾದ ಮೇಲೆ ಚನ್ನಗಿರಿ ಹೊನ್ನಾಳಿಗಳ ಮನೆಗಳಿಗೆ ಸುಗಮಸಂಗೀತವು ದಿನನಿತ್ಯವೂ ಮುಟ್ಟಿತು. ಚಲನಚಿತ್ರವು ಅದಕ್ಕೆ ಮುಂಚೆಯೇ ಮುಟ್ಟಿತ್ತು. ಈಗ ಆ ಸೀಮೆಯ ರಾಜ್ಯೋತ್ಸವಗಳಲ್ಲಿಯೂ ಶಾಲೆಗಳ ವಾರ್ಷಿಕೋತ್ಸವಗಳಲ್ಲಿಯೂ ಬಳಕೆಗೆ ಬಂದಿರುವುದು ಕರೋಕೆ. ಕರ ಎಂದರೆ ಜಪಾನೀ ಭಾಷೆಯಲ್ಲಿ ಬರಿದು. ಓಕೆ ಎಂಬುದು ಆರ್ಕೆಸ್ಟ್ರಾ ಎಂಬ ಪಾಶ್ಚಾತ್ಯ ಶಬ್ದದ ತುಂಡು. ಕೋಬೆ ನಗರದಲ್ಲಿ ೧೯೭೧ರಲ್ಲಿ ಇನೊಯುಯೆ ದಾಯಿಸುಕೆ ಎಂಬವರು ಇದಕ್ಕೆ ಯಂತ್ರವನ್ನು ರೂಪಿಸಿದರು. ಅರ್ಧ ಪೂರ್ವ, ಅರ್ಧ ಪಶ್ಚಿಮವಾದ ಈ ಪದವೇ ಒಂದು ಸಂಕರ. ಜಗಳೂರಿನ ಬಾಲಕನು ಜಪಾನಿನ ಹಾಡನ್ನು ಒಂದು ಬಾರಿಯೂ ಕೇಳದಿದ್ದರೂ ಜಪಾನಿನ ಉಪಾಯದಿಂದ ಕನ್ನಡದ ಹಾಡನ್ನು ಹಾಡುತ್ತಾನೆ.

ಇಲ್ಲಿ ವಿಚಾರಿಸಬೇಕಾದ ದೋಷವು ವಾದ್ಯದ್ದೂ ಅಲ್ಲ, ಸ್ವರದ್ದೂ ಅಲ್ಲ, ಕ್ರಮದ್ದು. ಹಾರ್ಮೋನಿಯಂ ಹಾಡುವವನಿಗಾಗಿ ಕಾಯುತ್ತಿತ್ತು, ಕರೋಕೆ ಕಾಯುವುದಿಲ್ಲ. ಪದ್ಯದ ಯತಿಸ್ಥಾನದಲ್ಲಿ ನಿಂತು ಉಸಿರೆಳೆಯಲು, ಅರ್ಥವು ಭಾರವಾದ ಪದದ ಮೇಲೆ ಕ್ಷಣಕಾಲ ತಡೆಯಲು ಅಲ್ಲಿ ಅವಕಾಶವಿಲ್ಲ. ಮುದ್ರಿತವಾದ ವಾದ್ಯವು ಮುಂದೆ ಹೋಗುತ್ತದೆ, ಗೀತವು ಅದರ ಹಿಂದೆ ಓಡುತ್ತದೆ. ಶಾರ್ಙ್ಗದೇವನು ಹೇಳಿದ ಕ್ರಮವು ತಲೆಕೆಳಗಾಗಿರುವುದು ಇಲ್ಲಿಯೇ. ಪಂಡಿತರು ಒಂದು ಶತಮಾನಕಾಲ ಹಾರ್ಮೋನಿಯಮ್ಮಿನ ಮೇಲೆ ಹೊರಿಸಿದ ದೋಷಕ್ಕಿಂತ ಇದು ಗುರುತರವಾದುದು. ಇದನ್ನು ಕುರಿತು ಮಾತ್ರ ಚರ್ಚೆಯು ವಿರಳ.

ನಾಡಗೀತೆಯ ವಿಷಯದಲ್ಲಿ ಇದರ ಪರಿಣಾಮವು ಪ್ರತ್ಯಕ್ಷವಾಗಿದೆ. ೨೦೦೪ರಲ್ಲಿ ಕುವೆಂಪು ಅವರ ಕವಿತೆಯು ನಾಡಗೀತೆಯಾಯಿತು. ಅದನ್ನು ಯಾರ ಧಾಟಿಯಲ್ಲಿ ಹಾಡಬೇಕೆಂಬ ದೀರ್ಘವಾದ ವಿವಾದದ ಬಳಿಕ ೨೦೨೨ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷಗಳ ಕಾಲವನ್ನೂ ನಿಶ್ಚಯಿಸಿತು. ಧಾಟಿ ಯಾವುದು, ಕಾಲವೆಷ್ಟು ಎಂಬುದು ಆಜ್ಞೆಯಿಂದ ತೀರ್ಮಾನವಾಗಬಹುದು. ಆ ಕವಿತೆಯಲ್ಲಿ ತುಂಬಿರುವ ಋಷಿಗಳ, ಕವಿಗಳ, ಅರಸರ ಹೆಸರುಗಳು ಮಕ್ಕಳ ಬಾಯಲ್ಲಿ ಪೂರ್ಣವಾದ ಅಕ್ಷರಗಳಾಗಿ ಬರುತ್ತವೆಯೇ, ಮುದ್ರಿತ ವಾದ್ಯದ ಬೆನ್ನುಹತ್ತಿ ನಾಮಗಳು ನಾದಗಳಾಗಿ ಕರಗಿಹೋಗುತ್ತವೆಯೇ ಎಂಬುದು ಪ್ರತಿದಿನದ ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲುವ ಅಧ್ಯಾಪಕನ ಕೈಯಲ್ಲಿದೆ.

ಇದಕ್ಕೆ ಬೇಕಾದ ಸಾಮಗ್ರಿಯು ದುಬಾರಿಯಲ್ಲ. ಕವಿತೆಯನ್ನು ಮೊದಲು ಗಟ್ಟಿಯಾಗಿ ಓದಿಸಬೇಕು. ಪ್ರಸ್ತಾರ ಹಾಕಿಸಿ ಗಣಗಳನ್ನು ಕೈತಟ್ಟಿ ಎಣಿಸಬೇಕು. ಐದರ ನಡೆಯೇ, ನಾಲ್ಕರ ನಡೆಯೇ, ಮೂರುನಾಲ್ಕರ ಮಿಶ್ರನಡೆಯೇ ಎಂಬುದನ್ನು ಮಕ್ಕಳೇ ಕಂಡುಹಿಡಿಯಬೇಕು. ಆಮೇಲೆ ಬರಿಯ ಶ್ರುತಿಯ ಮೇಲೆ ಧಾಟಿಯನ್ನು ಕಲಿಸಿ, ಮಾತು ಸ್ಥಿರವಾದ ಮೇಲೆ ವಾದ್ಯವನ್ನು ಸೇರಿಸಿದರೆ ಆ ವಾದ್ಯವು ಹಾರ್ಮೋನಿಯಂ ಆಗಲಿ, ಕೀಬೋರ್ಡಾಗಲಿ, ಗಿಟಾರಾಗಲಿ ಹಾನಿಯಿಲ್ಲ. ಪ್ರತಿಭಾ ಕಾರಂಜಿಯ ಭಾವಗೀತ ಸ್ಪರ್ಧೆಗಳಲ್ಲಿ ತೀರ್ಪು ಕೊಡುವವರು ಕಂಠಮಾಧುರ್ಯದೊಡನೆ ಉಚ್ಚಾರಣೆಗೂ ಯತಿಗೂ ಅಂಕಗಳನ್ನಿಡುವುದಾದರೆ, ಛಂದಸ್ಸಿನ ಪಾಠವು ಪರೀಕ್ಷೆಯ ಉತ್ತರಪತ್ರಿಕೆಯಿಂದ ಹೊರಬಂದು ಮಕ್ಕಳ ಕಿವಿಗೆ ಸೇರುವುದು.

ದೇಶ್ಯ–ಪಾಶ್ಚಾತ್ಯಗಳು ಇನ್ನು ಮುಂದೆಯೂ ಕೂಡುತ್ತಲೇ ಇರುವುವು. ತುರುಷ್ಕತೋಡಿಯನ್ನು ಸ್ವೀಕರಿಸಿದ ಶಾಸ್ತ್ರವು, ಪಿಟೀಲನ್ನು ತನ್ನದಾಗಿಸಿಕೊಂಡ ಸಂಪ್ರದಾಯವು ಇವನ್ನು ಕಂಡು ಭಯಪಡಬೇಕಾದ ಕಾರಣವಿಲ್ಲ. ವಿಮರ್ಶಕನು ಮಾಡಬೇಕಾದುದು ಹಾಡೊಂದನ್ನು ಕೇಳಿ, ಅದರಲ್ಲಿ ವಾದ್ಯವು ಗೀತವನ್ನು ಅನುಸರಿಸಿತೇ ಎಂದು ಪರೀಕ್ಷಿಸಿ, ಎಳ್ಳಕ್ಕಿಯನ್ನು ಎಳ್ಳಕ್ಕಿಯೆಂದೂ ಹಾಲುನೀರನ್ನು ಹಾಲುನೀರೆಂದೂ ಹೇಳುವುದು. ಮಾತು ಕೆಟ್ಟ ಕಡೆಯಲ್ಲಿ ಅದು ಯಾವ ಗಣದಲ್ಲಿ, ಯಾವ ಮಾತ್ರೆಯಲ್ಲಿ ಕೆಟ್ಟಿತೆಂದು ತೋರಿಸುವುದು. ಹೊನ್ನಾಳಿಯ ಭಜನೆಯ ಮೇಳಕ್ಕೂ ಬೆಂಗಳೂರಿನ ಮಹಾಸಭೆಗೂ ಈ ಪರೀಕ್ಷೆಯು ಒಂದೇ.